ಕಪ್ಪೆಯನ್ನು ಯಾರೂ ಕೇಳಲಿಲ್ಲ

ಜಿಲ್ಲಾ ವರದಿಗಾರ ಅನ್ನುವುದು ದೊಡ್ಡ ಮಾತು. ನಾನು ಸ್ಟ್ರಿಂಗರ್. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ತಾಲ್ಲೂಕುಗಳಲ್ಲಿ ಬೈಕ್ ಓಡಿಸಿಕೊಂಡು ಸುದ್ದಿ ಕಳಿಸುತ್ತೇನೆ. ಅಚ್ಚಾದ ಸುದ್ದಿಗೆ ದುಡ್ಡು. ಅಚ್ಚಾಗದಿದ್ದರೆ ಪೆಟ್ರೋಲು ನನ್ನ ಕೈಯಿಂದ.

ಡಿಪ್ಲೊಮಾ ಓದುವಾಗ ತನಿಖಾ ವರದಿ ಬರೆಯುವ ಕನಸು ಕಂಡಿದ್ದೆ. ಈ ಹತ್ತು ವರ್ಷದಲ್ಲಿ ನಾನು ಅತಿ ಹೆಚ್ಚು ಬರೆದಿರುವುದು ನಿಧನ ವಾರ್ತೆ. ಬೆಳಗ್ಗೆ ವಾಟ್ಸಾಪಿಗೆ ಫೋಟೋ ಬರುತ್ತದೆ. ಹೆಸರು, ಊರು, ವಯಸ್ಸು, ಎಷ್ಟು ಮಕ್ಕಳು, ಅಂತ್ಯಕ್ರಿಯೆ ಎಲ್ಲಿ. ಎರಡು ಸಾಲು, ಹೆಚ್ಚೆಂದರೆ ಮೂರು. ಅಷ್ಟರಲ್ಲಿ ಊರ ಬಾಗಿಲಲ್ಲಿ ಫ್ಲೆಕ್ಸ್ ಕಟ್ಟಿಯಾಗಿರುತ್ತದೆ: ದೊಡ್ಡ ಫೋಟೋ, ಕೆಳಗೆ 'ಮತ್ತೆ ಹುಟ್ಟಿ ಬಾ'. ನಿಮ್ಮೂರಲ್ಲೂ ನೋಡಿರುತ್ತೀರಿ.

ಎಷ್ಟೋ ಜನರ ಎರಡು ಸಾಲು ಬರೆದವನಿಗೆ ಕಳೆದ ವರ್ಷ, ಮಾವಿನ ಸುಗ್ಗಿ ಮುಗಿಯುವ ಹೊತ್ತಿಗೆ, ಒಂದೇ ಒಂದು ನಿಧನ ವಾರ್ತೆ ಬರೆಯಲು ಆಗಲಿಲ್ಲ. ಅದು ನನ್ನ ಅಜ್ಜಿಯದು. ಅಪ್ಪನ ತಾಯಿ. ನನ್ನನ್ನು ಸಾಕಿದವಳು. ಅವಳ ವಿಷಯ ಬರೆಯಬೇಕೆಂದೇ ಇದನ್ನು ಶುರು ಮಾಡಿದ್ದೇನೆ. ಆದರೆ ಮೊದಲು ಒಂದು ಮಕ್ಕಳ ಕಾದಂಬರಿಯ ಕತೆ ಹೇಳಬೇಕು.

ನಮ್ಮ ಪಂಚಾಯ್ತಿ ಲೈಬ್ರರಿಗೆ ಯಾರೋ ಪುಣ್ಯಾತ್ಮರು ಒಂದು ರಟ್ಟಿನ ಡಬ್ಬದ ತುಂಬ ಹಳೇ ಇಂಗ್ಲಿಷ್ ಪುಸ್ತಕ ಕೊಟ್ಟಿದ್ದರು. ಓದುವವರಿಲ್ಲದೆ ಮೂಲೆಯಲ್ಲಿ ಬಿದ್ದಿದ್ದವು. ನನ್ನ ಮಗಳಿಗೆ ಹತ್ತು ವರ್ಷ. ಅವಳು ಅದರಿಂದ ಒಂದು ತೆಳ್ಳಗಿನ ಪುಸ್ತಕ ಎತ್ತಿಕೊಂಡು ಬಂದು "ಓದಿ ಹೇಳಪ್ಪ" ಅಂದಳು. 'ಟಕ್ ಎವರ್‌ಲಾಸ್ಟಿಂಗ್' ಅಂತ ಹೆಸರು. ಬರೆದವರು ಅಮೆರಿಕದ ನ್ಯಾಟಲಿ ಬ್ಯಾಬಿಟ್, ಪ್ರಕಟವಾದದ್ದು 1975ರಲ್ಲಿ. ನಮ್ಮ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ. ತೀರಿಕೊಂಡ ವರ್ಷವೂ ಅದೇ.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಫೋನಿನಲ್ಲಿ ಡಿಕ್ಷನರಿ ತೆಗೆದಿಟ್ಟುಕೊಂಡು ರಾತ್ರಿ ಹತ್ತು ಪುಟ ಓದುವುದು, ಭಾನುವಾರ ಲೈಬ್ರರಿ ಜಗಲಿ ಮೇಲೆ ಮಗಳಿಗೂ ಅವಳ ಜೊತೆಯ ಮಕ್ಕಳಿಗೂ ಕನ್ನಡದಲ್ಲಿ ಹೇಳುವುದು. ಹೀಗೆ ಆರು ಭಾನುವಾರ ನಡೆಯಿತು.

ಕತೆ ಚಿಕ್ಕದು. ಸುಮಾರು 1880ರ ಕಾಲ. ಟ್ರೀಗ್ಯಾಪ್ ಅನ್ನುವ ಹಳ್ಳಿ. ವಿನ್ನಿ ಫಾಸ್ಟರ್ ಅನ್ನುವ ಹತ್ತು ವರ್ಷದ ಹುಡುಗಿ. ಅನುಕೂಲಸ್ಥರ ಮನೆಯ ಒಬ್ಬಳೇ ಮಗಳು, ಗೇಟು ದಾಟಿ ಹೊರಗೆ ಬಿಡುವುದಿಲ್ಲ. ಮನೆಯ ಪಕ್ಕದಲ್ಲಿ ಅವರದೇ ಕಾಡು. ಕಾಡಿನ ನಡುವೆ ಒಂದು ದೊಡ್ಡ ಮರ, ಅದರ ಬುಡದಲ್ಲಿ ಒಂದು ಊಟೆ. ಆ ನೀರು ಕುಡಿದವರಿಗೆ ಸಾವಿಲ್ಲ.

ಇಷ್ಟು ಹೇಳುವುದರೊಳಗೆ ಹಿಂದೆ ಕೂತಿದ್ದ ಹುಡುಗ ಕೇಳಿದ: "ಎಷ್ಟಡಿಗೆ ಬಿತ್ತಣ್ಣಾ ನೀರು?"

ನಗು ಬಂತು. ಆದರೆ ತಪ್ಪೇನಿದೆ? ನಮ್ಮ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ಒಂದು ನದಿಯಿಲ್ಲ. ನೀರು ಅಂದರೆ ಆ ಮಕ್ಕಳ ಕಣ್ಣಿಗೆ ಬರುವುದು ರಿಗ್ ಲಾರಿ, ಬಿಳಿ ಧೂಳು, ಸಾವಿರ ಅಡಿ ದಾಟಿದರೂ ಪಸೆ ಕಾಣದ ಬೋರು, ಬಡ್ಡಿ ಲೆಕ್ಕ ಹಾಕುತ್ತ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ ಅಪ್ಪ. ನೆಲದಿಂದ ತಾನಾಗಿ ಉಕ್ಕುವ ನೀರು ಅಂದರೆ ಹೇಗಿರುತ್ತದೆ?

"ಅಂತರಗಂಗೆ ನೋಡಿದ್ದೀರೇನ್ರೋ?" ಅಂದೆ. ಎಲ್ಲರೂ ಕೈ ಎತ್ತಿದರು. ಕೋಲಾರದ ಶತಶೃಂಗ ಬೆಟ್ಟದ ಮೇಲೆ ಬಸವನ ಬಾಯಿಂದ ಬೀಳುವ ನೀರು ಎಲ್ಲಿಂದ ಬರುತ್ತದೆ ಅಂತ ಯಾರಿಗೂ ಕಾಣುವುದಿಲ್ಲ. ಎಂಥ ಬರಕ್ಕೂ ಬತ್ತುವುದಿಲ್ಲ ಅನ್ನುವುದು ಹಿರಿಯರ ನಂಬಿಕೆ. ಹೋದವರೆಲ್ಲ ಬಾಟಲಿ ತುಂಬಿಕೊಂಡು ಬರುತ್ತಾರೆ, ಕೋತಿ ಕಿತ್ತುಕೊಳ್ಳದಿದ್ದರೆ. "ಅಂಥದೇ ನೀರು ಅಂದುಕೊಳ್ಳಿ" ಅಂದಮೇಲೆ ಕತೆ ಮುಂದಕ್ಕೆ ಹೋಯಿತು.

ಆ ನೀರನ್ನು 87 ವರ್ಷದ ಹಿಂದೆ ಗೊತ್ತಿಲ್ಲದೆ ಕುಡಿದವರು ಟಕ್ ಮನೆಯವರು. ತಂದೆ ಆಂಗಸ್, ತಾಯಿ ಮೇ, ಮಕ್ಕಳು ಮೈಲ್ಸ್ ಮತ್ತು ಜೆಸ್ಸಿ. ಅವರ ಕುದುರೆಯೂ ಕುಡಿಯಿತು, ಬೆಕ್ಕು ಕುಡಿಯಲಿಲ್ಲ. ಬೆಕ್ಕು ಕಾಲಕ್ಕೆ ಸತ್ತಿತು. ಕುದುರೆಗೆ ಬೇಟೆಗಾರರ ಗುಂಡು ತಗುಲಿದರೂ ಏನೂ ಆಗಲಿಲ್ಲ. ಜೆಸ್ಸಿ ಮರದಿಂದ ತಲೆಕೆಳಗಾಗಿ ಬಿದ್ದು ಎದ್ದು ಕೂತ. ಅಪ್ಪನಿಗೆ ಹಾವು ಕಚ್ಚಿತು, ವಿಷ ಏರಲಿಲ್ಲ. ವರ್ಷ ಕಳೆದಂತೆ ಯಾರಿಗೂ ವಯಸ್ಸೇ ಆಗುತ್ತಿಲ್ಲ ಅನ್ನುವುದು ಗೊತ್ತಾಯಿತು.

ಮಕ್ಕಳಿಗೆ ಖುಷಿಯೋ ಖುಷಿ. "ನೀವಾದರೆ ಕುಡೀತಿದ್ರಾ?" ಅಂತ ಕೇಳಿದೆ. ಎಲ್ಲರ ಕೈಯೂ ಮೇಲೆ. ಎಷ್ಟನೇ ವಯಸ್ಸಿಗೆ ಅಂದಾಗ ಜಗಳ ಶುರುವಾಯಿತು. ಬೈಕ್ ಓಡಿಸಲು ಬಿಡುವ ವಯಸ್ಸಿಗೆ ಅಂತ ಒಬ್ಬ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ ಅಂತ ಇನ್ನೊಬ್ಬಳು, ಮುಂಚೆ ಕುಡಿದರೆ ಜನ್ಮಪೂರ್ತಿ ಪರೀಕ್ಷೆಯೇ ಅಂತ ಅವಳ ಭಯ.

ಕಾದಂಬರಿಯ ಜೆಸ್ಸಿ ಕುಡಿದದ್ದು ಹದಿನೇಳಕ್ಕೆ. 104 ವರ್ಷವಾದರೂ ಹದಿನೇಳರ ಹುಡುಗ. ನನಗೆ ತಟ್ಟನೆ ನೆನಪಾದದ್ದು ವಕ್ಕಲೇರಿ ಬೆಟ್ಟ. ಕೋಲಾರ ತಾಲ್ಲೂಕಿನ ಆ ಬೆಟ್ಟದ ಮೇಲೆ ಮಾರ್ಕಂಡೇಶ್ವರ ಇದ್ದಾನೆ, ಮಾರ್ಕಂಡೇಯ ತಪಸ್ಸು ಮಾಡಿದ ಜಾಗ ಅನ್ನುತ್ತಾರೆ. ಹದಿನಾರೇ ವರ್ಷ ಆಯಸ್ಸು ಅಂತ ಹುಟ್ಟಿದ ಹುಡುಗ, ಯಮನ ಪಾಶ ಬಿದ್ದಾಗ ಲಿಂಗವನ್ನು ತಬ್ಬಿಕೊಂಡು ಉಳಿದವನು, ಎಂದೆಂದಿಗೂ ಹದಿನಾರರಲ್ಲೇ ನಿಂತವನು. ಬೇರೆ ಬೇರೆ ದೇಶದ ಇಬ್ಬರು ಹುಡುಗರು, ವಯಸ್ಸಿನಲ್ಲಿ ಒಂದೇ ವರ್ಷದ ವ್ಯತ್ಯಾಸ.

ಎಣಿಸಿ ನೋಡಿದರೆ ನಮ್ಮ ಸುತ್ತಮುತ್ತ ಸಾವಿಲ್ಲದವರಿಗೆ ಬರವಿಲ್ಲ. ಮುಳಬಾಗಿಲಿನಲ್ಲಿ ಅರ್ಜುನ ಪ್ರತಿಷ್ಠೆ ಮಾಡಿದ ಅನ್ನುವ ಆಂಜನೇಯ, ಚಿರಂಜೀವಿ. ಕೋಲಾರ ಅನ್ನುವ ಹೆಸರಿನ ಹಿಂದೆ ಪರಶುರಾಮ ಕಾರ್ತವೀರ್ಯಾರ್ಜುನನನ್ನು ಕೊಂದ ಕೋಲಾಹಲದ ಕತೆ ಹೇಳುತ್ತಾರೆ. ಪರಶುರಾಮನೂ ಚಿರಂಜೀವಿ. ಆದರೆ ನಮ್ಮ ಪುರಾಣದವರು ಒಂದು ಎಚ್ಚರಿಕೆಯನ್ನೂ ಇಟ್ಟುಹೋಗಿದ್ದಾರೆ, ಅಶ್ವತ್ಥಾಮ. ಅವನಿಗೆ ಸಾಯದಿರುವುದೇ ಶಾಪ. ಹಣೆಯ ಹುಣ್ಣು ಮಾಯದೆ, ಜೊತೆಗೆ ಯಾರೂ ಇಲ್ಲದೆ ಅಲೆಯುವುದು. ಹನುಮಂತನಿಗೆ ರಾಮನ ಕೆಲಸ ಇದೆ, ಅವನಿಗೆ ಕಾಲ ಭಾರವಾಗುವುದಿಲ್ಲ. ಅಶ್ವತ್ಥಾಮನಿಗೆ ಇರುವುದು ಬರೀ ಕಾಲ.

ಟಕ್ ಮನೆಯವರು ಈ ಇಬ್ಬರ ನಡುವೆ ಸಿಕ್ಕಿಕೊಂಡವರು. ಅವರಿಗೆ ಹುಣ್ಣಿಲ್ಲ, ಹಸಿವಿನ ಕಷ್ಟವೂ ಅಷ್ಟಿಲ್ಲ. ಇಲ್ಲದಿರುವುದು ಊರು. ವಯಸ್ಸಾಗದ್ದು ಕಂಡರೆ ನೆರೆಯವರು ಅನುಮಾನಪಡುತ್ತಾರೆ, ಅದಕ್ಕೇ ಒಂದು ಕಡೆ ನಿಲ್ಲುವಂತಿಲ್ಲ. ದೊಡ್ಡ ಮಗ ಮೈಲ್ಸ್‌ಗೆ ಹೆಂಡತಿ, ಎರಡು ಮಕ್ಕಳು ಇದ್ದರು. ಗಂಡ ಸೈತಾನನಿಗೆ ತನ್ನನ್ನು ಮಾರಿಕೊಂಡಿದ್ದಾನೆ ಅಂತ ಹೆದರಿ ಅವಳು ಮಕ್ಕಳನ್ನು ಕರೆದುಕೊಂಡು ಹೊರಟುಹೋದಳು. ಇಪ್ಪತ್ತೆರಡರಲ್ಲೇ ನಿಂತ ಅಪ್ಪ, ತನ್ನ ಮಕ್ಕಳು ತನ್ನನ್ನು ದಾಟಿ ಮುದುಕರಾಗುವುದನ್ನು ಲೆಕ್ಕ ಹಾಕುತ್ತ ಬದುಕಬೇಕು. ಈ ಭಾಗ ಹೇಳುವಾಗ ಮೊದಲ ಸಲ ಜಗಲಿ ಸುಮ್ಮನಾಯಿತು.

ಕತೆಯಲ್ಲಿ ಒಬ್ಬ ಕೆಟ್ಟವನಿದ್ದಾನೆ. ಹಳದಿ ಸೂಟಿನವನು. ಅವನಿಗೆ ಹೆಸರೇ ಇಲ್ಲ. ಟಕ್ ಮನೆಯವರು ವಿನ್ನಿಗೆ ಎಲ್ಲ ತಿಳಿಸಿ ಹೇಳಲೆಂದು ಅವಳನ್ನು ತಮ್ಮ ಮನೆಗೆ ಕರೆದೊಯ್ಯುತ್ತಾರೆ. ಅವನು ಗುಟ್ಟನ್ನು ಕದ್ದು ಕೇಳಿಸಿಕೊಂಡು ವಿನ್ನಿಯ ಮನೆಗೆ ಹೋಗುತ್ತಾನೆ. 'ನಿಮ್ಮ ಹುಡುಗಿ ಎಲ್ಲಿದ್ದಾಳೆ ನನಗೆ ಗೊತ್ತು. ಕಾಡನ್ನು ನನ್ನ ಹೆಸರಿಗೆ ಮಾಡಿದರೆ ಹೇಳುತ್ತೇನೆ' ಅನ್ನುವ ವ್ಯವಹಾರ. ಆಮೇಲೆ ಆ ನೀರನ್ನು ತಾನು ಆರಿಸಿದವರಿಗೆ ಮಾತ್ರ ಮಾರುವ ಲೆಕ್ಕಾಚಾರ. ಮಾಲೂರು ಕಡೆ ಸುದ್ದಿಗೆ ತಿರುಗಿದವನಿಗೆ ಇವನ ಪರಿಚಯ ಮಾಡಿಕೊಡಬೇಕಾಗಿಲ್ಲ. ಮನೆಯಲ್ಲಿ ಮದುವೆಯೋ ಆಸ್ಪತ್ರೆಯೋ ಬಂದ ದಿನವೇ ಅಗ್ರಿಮೆಂಟ್ ಕಾಗದ ಹಿಡಿದು ಬಾಗಿಲಿಗೆ ಬರುತ್ತಾನೆ. ಸೂಟಿನ ಬದಲು ಬಿಳಿ ಅಂಗಿ, ಅಷ್ಟೇ. ನನಗೂ ಅಂಥವನೊಬ್ಬ ಬಂದಿದ್ದ, ಅದನ್ನು ಮುಂದೆ ಹೇಳುತ್ತೇನೆ.

ಈ ಪುಸ್ತಕದ ಜೀವ ಇರುವುದು ಒಂದು ದೋಣಿಯಲ್ಲಿ. ಆಂಗಸ್ ಟಕ್ ಆ ಪುಟ್ಟ ಹುಡುಗಿಯನ್ನು ಸಂಜೆ ಕೆರೆಗೆ ಕರೆದೊಯ್ದು ದೋಣಿಯಲ್ಲಿ ಕೂರಿಸುತ್ತಾನೆ. ನೀರು ಆವಿಯಾಗಿ ಮೋಡವಾಗಿ ಮಳೆಯಾಗಿ ಮತ್ತೆ ನದಿಗೆ ಬರುವ ಚಕ್ರವನ್ನು ತೋರಿಸುತ್ತಾನೆ. ಕಪ್ಪೆ, ಮೀನು, ಮನುಷ್ಯ ಎಲ್ಲರೂ ಆ ಚಕ್ರದಲ್ಲಿದ್ದಾರೆ, ತಾವು ನಾಲ್ಕು ಜನ ಮಾತ್ರ ಅದರಿಂದ ಬಿದ್ದುಹೋದವರು ಅನ್ನುತ್ತಾನೆ. ಆಗ ದೋಣಿ ಬಿದ್ದ ಮರದ ಕೊಂಬೆಗೆ ಸಿಕ್ಕಿ ನಿಂತಿರುತ್ತದೆ, ನೀರು ಪಕ್ಕದಿಂದ ಹರಿದುಹೋಗುತ್ತಿರುತ್ತದೆ.

ಮಕ್ಕಳಿಗೆ ನದಿ ಹೇಳಿ ಪ್ರಯೋಜನವಿಲ್ಲ. ನಾನು ಕೋಡಿ ಹೇಳಿದೆ. ನಮ್ಮದು ಕೆರೆಗಳ ಸೀಮೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ರಾಜಕಾಲುವೆ ಹಿಡಿದು ಕೆಳಗಿನ ಊರ ಕೆರೆಗೆ ನೀರು, ಅದು ತುಂಬಿದರೆ ಅದರ ಕೆಳಗಿನದಕ್ಕೆ. 2021ರ ನವೆಂಬರ್ ಮಳೆಗೆ ಎಷ್ಟೋ ವರ್ಷದ ಮೇಲೆ ನಮ್ಮ ಕಡೆ ಕೆರೆಗಳು ಕೋಡಿ ಹೋದಾಗ ಹೆಂಗಸರು ಬಾಗಿನ ಬಿಟ್ಟಿದ್ದನ್ನು ಈ ಮಕ್ಕಳೂ ನೋಡಿದ್ದರು. "ಮೇಲಿನ ಊರಿನವರು ನಮ್ಮ ನೀರು ನಮಗೇ ಇರಲಿ ಅಂತ ಕೋಡಿಗೆ ಅಡ್ಡ ಮಣ್ಣು ಹಾಕಿದರೆ?" ಅಂದೆ.

"ನಮಗೆ ನೀರು ಬರಲ್ಲ" ಅಂತ ಒಬ್ಬ. "ಏರಿ ಒಡೆದೋಗ್ತದೆ" ಅಂತ ಇನ್ನೊಬ್ಬ. ಆಂಗಸ್ ಟಕ್ ದೋಣಿಯಲ್ಲಿ ಕೂತು ಅಷ್ಟು ಹೊತ್ತು ಹೇಳಿದ್ದು ಅದನ್ನೇ.

ಇನ್ನು ಅಜ್ಜಿಯ ವಿಷಯ.

ಅವಳ ತವರು ಶ್ರೀನಿವಾಸಪುರ ತಾಲ್ಲೂಕು. ಅಂಗಳದಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಆಡಿಕೊಂಡು ಬೆಳೆದವಳು. ಮದುವೆಯಾಗಿ ಬರುವಾಗ ತವರಿಂದ ತಂದು ನೆಟ್ಟ ನೀಲಂ ಮಾವು ಇವತ್ತಿಗೂ ಹಿತ್ತಲಲ್ಲಿ ಕಾಯಿ ಬಿಡುತ್ತದೆ. ಆಧಾರ್ ಕಾರ್ಡಿನ ಪ್ರಕಾರ ಅವಳಿಗೆ 84. ಅವಳ ಪ್ರಕಾರ 'ಎಂಬತ್ತೋ ತೊಂಬತ್ತೋ, ನೀನೇ ಬರ್ಕೋ'.

ಒಂದು ಬೆಳಗ್ಗೆ ಎದ್ದೇಳಲಿಲ್ಲ. ಕೋಲಾರದಲ್ಲಿ ತೋರಿಸಿದೆವು. ಮೂತ್ರಪಿಂಡ ಕೆಲಸ ನಿಲ್ಲಿಸುತ್ತಿದೆ, ಹೃದಯವೂ ಸೋತಿದೆ, ಈ ವಯಸ್ಸಿಗೆ ಹೆಚ್ಚು ಹಿಂಸೆ ಕೊಡಬೇಡಿ ಅಂತ ವಯಸ್ಸಾದ ಡಾಕ್ಟರೊಬ್ಬರು ಮೆತ್ತಗೆ ಹೇಳಿದರು. ನಾನು ಕೇಳಲಿಲ್ಲ. ಬೆಂಗಳೂರಿಗೆ ಕರೆದುಕೊಂಡು ಹೋದೆ. ಆಂಬುಲೆನ್ಸಿನಲ್ಲಿ ನನ್ನ ಕೈ ಹಿಡಿದು ಹೇಳಿದಳು: "ಮನೆಗೆ ಕರ್ಕೊಂಡೋಗಪ್ಪಾ. ಆ ಮರದ ಕೆಳಗೆ ಮಲಗಿಸು ಸಾಕು."

ಹನ್ನೊಂದು ದಿನ ಐಸಿಯುನಲ್ಲಿದ್ದಳು. ಐದನೇ ದಿನದಿಂದ ವೆಂಟಿಲೇಟರು. ದಿನಕ್ಕೆ ಎರಡು ಸಲ, ಐದೈದು ನಿಮಿಷ ನೋಡಲು ಬಿಡುತ್ತಿದ್ದರು. ಬಾಯಿಗೆ ಪೈಪು, ಮೂಗಿಗೆ ಪೈಪು, ಕೈ ಕಿತ್ತುಕೊಳ್ಳಬಾರದು ಅಂತ ಮಂಚಕ್ಕೆ ಬಟ್ಟೆಯಿಂದ ಕಟ್ಟಿದ್ದರು. ಜಾಮೀನಿನ ಪಾಲು ಕೇಳಿಕೊಂಡು ಆ ಬಿಳಿ ಅಂಗಿಯವನು ಬಂದದ್ದು ಆಗಲೇ. ಜಮೀನು ಉಳಿಯಿತು. ಕೈಸಾಲ ಮಾತ್ರ ಇನ್ನೂ ತೀರಿಲ್ಲ. ಹನ್ನೆರಡನೇ ದಿನ ಕರೆದುಕೊಂಡು ಬಂದೆವು. ನರಸಾಪುರ ದಾಟುವ ಹೊತ್ತಿಗೆ ಉಸಿರು ನಿಂತಿತ್ತು. ಮಾವಿನ ಮರದ ಕೆಳಗೆ ಮಲಗಿಸಿದೆವು. ಅವಳಿಗೆ ಅದು ಗೊತ್ತಾಗಲಿಲ್ಲ.

ಊರಿನವರು "ಪುಣ್ಯವಂತ, ಮೊಮ್ಮಗ ಅಂದ್ರೆ ಹಿಂಗಿರ್ಬೇಕು, ಏನೂ ಕಮ್ಮಿ ಮಾಡಲಿಲ್ಲ" ಅಂದರು. ಆ ಮಾತು ಕೇಳಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟ. ಯಾಕೆ ಅಂತ ಆಗ ಗೊತ್ತಾಗಲಿಲ್ಲ.

ಕಾದಂಬರಿಯಲ್ಲಿ ಒಂದು ಜಾಗ ಬರುತ್ತದೆ. ಹಳದಿ ಸೂಟಿನವನು ವಿನ್ನಿಗೇ ಆ ನೀರು ಕುಡಿಸಿ ಜನರಿಗೆ ತೋರಿಸಲು ಹೊರಟಾಗ, ತಾಯಿ ಮೇ ಟಕ್ ಬಂದೂಕಿನ ಹಿಡಿಯಿಂದ ಅವನ ತಲೆಗೆ ಹೊಡೆಯುತ್ತಾಳೆ. ಅವನು ನೆಲಕ್ಕೆ ಬಿದ್ದು ಸಾಯುವ ಸ್ಥಿತಿಯಲ್ಲಿರುತ್ತಾನೆ. ಆಂಗಸ್ ಅವನನ್ನು ನೋಡುತ್ತ ನಿಲ್ಲುತ್ತಾನೆ. ಆ ನೋಟದಲ್ಲಿ ಸಿಟ್ಟಿಲ್ಲ, ಹೆದರಿಕೆಯೂ ಇಲ್ಲ. ಹೊಟ್ಟೆಕಿಚ್ಚು ಇದೆ, ಹಸಿದವನು ಬೇರೆಯವರ ಊಟದ ತಟ್ಟೆ ನೋಡುವ ಹಾಗೆ.

ಅದನ್ನು ಓದಿದ ರಾತ್ರಿ ಪುಸ್ತಕ ಮುಚ್ಚಿ ಹಿತ್ತಲಿಗೆ ಹೋಗಿ ಕೂತೆ. ಐಸಿಯುನಲ್ಲಿ ಏಳನೇ ದಿನವೋ ಎಂಟನೇ ದಿನವೋ ಪಕ್ಕದ ಮಂಚದ ಮುದುಕರೊಬ್ಬರು ತೀರಿಕೊಂಡಿದ್ದರು. ಪರದೆ ಎಳೆಯುವ ಮುಂಚೆ ಅಜ್ಜಿ ಕಣ್ಣು ತಿರುಗಿಸಿ ಆ ಕಡೆಯೇ ನೋಡುತ್ತಿದ್ದಳು. ಹೆದರಿದ್ದಾಳೆ ಅಂತ ನಾನು ಅಡ್ಡ ನಿಂತೆ. ಈಗ ಅನ್ನಿಸುತ್ತದೆ, ಅವಳು ಹೆದರಿರಲಿಲ್ಲ.

ವೈದ್ಯ ಬೇಡ, ಔಷಧಿ ಬೇಡ ಅನ್ನುತ್ತಿಲ್ಲ. ದಯವಿಟ್ಟು ಹಾಗೆ ತಿಳಿಯಬೇಡಿ. ವಾಸಿಯಾಗುವ ಕಾಯಿಲೆಗೆ ಬೆಂಗಳೂರಿಗಲ್ಲ, ಎಲ್ಲಿಗಾದರೂ ಹೋಗಬೇಕು. ನಮ್ಮ ತಾಲ್ಲೂಕುಗಳಲ್ಲಿ ಸಮಯಕ್ಕೆ ಆಸ್ಪತ್ರೆ ಸಿಗದೆ ಸತ್ತವರ ಸುದ್ದಿಯನ್ನೂ ನಾನೇ ಬರೆದಿದ್ದೇನೆ. ನಾನು ಹೇಳುತ್ತಿರುವುದು ತುಂಬಿದ ಕೆರೆಯ ಕೋಡಿಗೆ ಮಣ್ಣು ಹಾಕಿದ ವಿಷಯ.

ಕೊನೆಯ ಭಾನುವಾರದ ಕತೆ ಇಷ್ಟು. ಕೊಲೆಯ ಆರೋಪದಲ್ಲಿ ಮೇ ಟಕ್‌ಗೆ ಗಲ್ಲು ಅಂತಾಗುತ್ತದೆ. ಅವಳು ನೇಣಿಗೆ ಸಾಯುವುದಿಲ್ಲ, ಗುಟ್ಟು ಬಯಲಾಗುತ್ತದೆ. ಆದ್ದರಿಂದ ರಾತ್ರೋರಾತ್ರಿ ಅವಳನ್ನು ಜೈಲಿನ ಕಿಟಕಿಯಿಂದ ಬಿಡಿಸುತ್ತಾರೆ. ಅವಳ ಜಾಗದಲ್ಲಿ ವಿನ್ನಿ ಕಂಬಳಿ ಹೊದ್ದು ಮಲಗುತ್ತಾಳೆ. ಗೇಟು ದಾಟಲು ಹೆದರುತ್ತಿದ್ದ ಹುಡುಗಿ ಅವಳು. ಹೋಗುವ ಮುಂಚೆ ಜೆಸ್ಸಿ ಆ ನೀರಿನ ಒಂದು ಬಾಟಲಿ ಕೊಟ್ಟಿರುತ್ತಾನೆ: ಹದಿನೇಳಾದಾಗ ಕುಡಿ, ನಾವಿಬ್ಬರೂ ಮದುವೆಯಾಗೋಣ. ಸ್ವಲ್ಪ ದಿನದ ಮೇಲೆ ವಿನ್ನಿಯ ಮನೆಯ ಮುಂದೆ ಅವಳ ಸ್ನೇಹದ ಒಂದು ನೆಲಗಪ್ಪೆಯ ಮೇಲೆ ನಾಯಿ ಬೀಳಲು ಬರುತ್ತದೆ. ಅವಳು ಕಪ್ಪೆಯನ್ನು ಉಳಿಸಿ, ಬಾಟಲಿ ತಂದು ಅಷ್ಟೂ ನೀರನ್ನು ಅದರ ಮೇಲೆ ಸುರಿಯುತ್ತಾಳೆ.

ಕೊನೆಗೆ 1950. ಟಕ್ ದಂಪತಿ ಆ ಊರಿಗೆ ವಾಪಸು ಬರುತ್ತಾರೆ. ಕಾಡಿಲ್ಲ. ಸಿಡಿಲು ಬಡಿದು ಸುಟ್ಟು, ಬುಲ್ಡೋಜರ್ ಓಡಿದೆ. ಪೆಟ್ರೋಲ್ ಬಂಕು ಬಂದಿದೆ. ಸ್ಮಶಾನದಲ್ಲಿ ಒಂದು ಕಲ್ಲು. ಅದರ ಮೇಲೆ ವಿನ್ನಿಯ ಹೆಸರು, ಪ್ರೀತಿಯ ಹೆಂಡತಿ, ಪ್ರೀತಿಯ ತಾಯಿ ಅನ್ನುವ ಮಾತು, 1870–1948. ಅಷ್ಟೇ. ಅವಳು ನೀರು ಕುಡಿಯಲಿಲ್ಲ. ಆಂಗಸ್ ಟಕ್ ಆ ಕಲ್ಲಿಗೆ ಕೈಯೆತ್ತಿ ನಮಸ್ಕಾರ ಮಾಡುತ್ತಾನೆ.

ಮತ್ತೆ ಕೇಳಿದೆ, ಈಗ ಯಾರು ಕುಡೀತೀರಿ ಅಂತ. ಅರ್ಧ ಕೈ ಮೇಲೆದ್ದವು. ಪರವಾಗಿಲ್ಲ, ಮಕ್ಕಳು ಹಾಗೇ ಇರಬೇಕು. ನನ್ನ ಮಗಳು ಮಾತ್ರ ಕೈಯೂ ಎತ್ತಲಿಲ್ಲ, ಮಾತೂ ಆಡಲಿಲ್ಲ. ಮನೆಗೆ ಬರುವಾಗ ಬೈಕಿನ ಹಿಂದಿನಿಂದ ಕೇಳಿದಳು: "ಅಪ್ಪಾ, ಆ ಕಪ್ಪೇನ ಯಾರೂ ಕೇಳಲೇ ಇಲ್ವಲ್ಲ?"

"ಏನನ್ನಮ್ಮ?"

"ನಿಂಗೆ ಬೇಕಾ ಅಂತ. ವಿನ್ನಿ ತಾನು ಯೋಚನೆ ಮಾಡಿ ಬೇಡ ಅಂದ್ಕೊಂಡ್ಳು. ಕಪ್ಪೆಗೆ ಪ್ರೀತಿಯಿಂದ ಸುರಿದುಬಿಟ್ಳು. ಅದಕ್ಕೆ ಬೇಕಿತ್ತೋ ಇಲ್ವೋ. ಈಗಲೂ ಎಲ್ಲೋ ಒಂದೇ ಕೂತಿರ್ತದೆ ಪಾಪ."

ಕತೆಯ ಕೊನೆಯಲ್ಲಿ ರಸ್ತೆ ಮಧ್ಯೆ ಕೂತ ಒಂದು ಕಪ್ಪೆಯನ್ನು ಆಂಗಸ್ ಟಕ್ ಗಾಡಿಯಿಂದ ಇಳಿದು ಪಕ್ಕಕ್ಕೆ ಬಿಡುತ್ತಾನೆ. ಅದೇ ಕಪ್ಪೆ ಅಂತ ಅವನಿಗೆ ಗೊತ್ತಿಲ್ಲ. ಅದನ್ನು ನೆನಪಿಸಿಕೊಂಡು ಏನೋ ಸಮಾಧಾನ ಹೇಳಲು ಹೋದೆ, ಗಂಟಲು ಕಟ್ಟಿತು. ಬೈಕ್ ನಿಲ್ಲಿಸಿ, ಚೈನ್ ಸಡಿಲವಾಗಿದೆ ನೋಡ್ತೀನಿ ಅಂತ ಸುಳ್ಳು ಹೇಳಿ ಸ್ವಲ್ಪ ಹೊತ್ತು ಬಗ್ಗಿ ಕೂತೆ.

ಅಜ್ಜಿಯನ್ನು ಕೇಳದೆ ಮಾಡಿದೆ ಅನ್ನುವ ಹಾಗೂ ಇಲ್ಲ. ಕಪ್ಪೆಗೆ ಬಾಯಿಲ್ಲ, ಅಜ್ಜಿ ಬಾಯಿಬಿಟ್ಟು ಹೇಳಿದ್ದಳು. ಆಂಬುಲೆನ್ಸಿನಲ್ಲಿ, ನನ್ನ ಕೈ ಹಿಡಿದು. ನಾನೂ ಪ್ರೀತಿಯಿಂದಲೇ ಸುರಿದೆ. ಪ್ರೀತಿ ಮಾತ್ರ ಅಲ್ಲ, ನಾಳೆ ಊರವರು ಏನಂತಾರೋ ಅನ್ನುವ ಭಯವೂ ಅದರಲ್ಲಿತ್ತು, ಇಷ್ಟು ಬೇಗ ಬಿಟ್ಟುಬಿಟ್ಟ ಅಂತಾರೇನೋ ಅಂತ.

ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲೂ ವಯಸ್ಸಾದವರಿರಬಹುದು. ಚೆನ್ನಾಗಿ ಮಾತಾಡುತ್ತಿರುವಾಗಲೇ, ಊಟದ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂತಾಗ, ಒಂದು ಸಲ ಕೇಳಿ. ಅಪಶಕುನ ಅಂತ ಬೈಯಬಹುದು, ಬೈಸಿಕೊಳ್ಳಿ. ಅವರು ಹೇಳಿದ್ದನ್ನು ಮನೆಯ ಎಲ್ಲರೂ ಕೇಳಿಸಿಕೊಳ್ಳಲಿ. ಆಸ್ಪತ್ರೆಯ ಬಾಗಿಲಲ್ಲಿ ಫಾರಂ ಮುಂದಿಟ್ಟಾಗ ಯೋಚನೆ ಮಾಡಲು ಆಗುವುದಿಲ್ಲ, ಕೈ ತಾನಾಗಿ ಸಹಿ ಹಾಕುತ್ತದೆ.

ಆ ರಾತ್ರಿ ಒಂದು ವರ್ಷದಿಂದ ಬರೆಯಲಾಗದಿದ್ದ ಎರಡು ಸಾಲು ಬರೆದೆ. ಪೇಪರಿಗೆ ಕಳಿಸಲಿಲ್ಲ, ಅದಕ್ಕೆ ಕಾಲ ಮೀರಿದೆ. ಹೆಸರು, ತವರೂರು, ವಯಸ್ಸು 84 (ಅವಳ ಲೆಕ್ಕದಲ್ಲಿ ತೊಂಬತ್ತೂ ಇರಬಹುದು), ನಾಲ್ಕು ಮಕ್ಕಳು, ಒಂಬತ್ತು ಮೊಮ್ಮಕ್ಕಳು, ಒಂದು ನೀಲಂ ಮಾವಿನ ಮರ. ಮಗಳು ಓದಿ, "ಮತ್ತೆ ಹುಟ್ಟಿ ಬಾ ಅಂತ ಹಾಕಲ್ವಾ?" ಅಂದಳು.

ಬೇಡ ಅಂದೆ. ಅದನ್ನೂ ಅವಳನ್ನು ಕೇಳಿಲ್ಲವಲ್ಲ.